ನೀರು ಇಳಿದಾಗ ಕೊಂಡ ಮನೆ: ಮಿಶಿಗನ್ ಸರೋವರದ ದಡಕೊರೆತದ ಒಂದು ಪ್ರಕರಣ

2019ರ ಡಿಸೆಂಬರ್ 31. ಅಮೆರಿಕದ ಮಿಶಿಗನ್ ರಾಜ್ಯದ ವೈಟ್ ರಿವರ್ ಟೌನ್‌ಶಿಪ್‌ನಲ್ಲಿ ಒಂದು ಮನೆ ದರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಮೇಲಿಂದ ಜಾರಿ ಕೆಳಗೆ ಮಿಶಿಗನ್ ಸರೋವರದ ದಂಡೆಗೆ ಬಿತ್ತು. ಒಳಗೆ ಯಾರೂ ಇರಲಿಲ್ಲ. ಗಾಳಿಗೆ ಹಾರಿದ್ದಲ್ಲ, ನೆರೆಗೆ ಕೊಚ್ಚಿ ಹೋದದ್ದೂ ಅಲ್ಲ. ಕೆಳಗಿದ್ದ ಮಣ್ಣು ಹೋಯಿತು, ಮನೆ ಹಿಂದೆಯೇ ಹೋಯಿತು, ಅಷ್ಟೇ.

ನಮ್ಮಲ್ಲಿ ಕಡಲ್ಕೊರೆತ ಅನ್ನುವ ಪದ ಇದೆ. ಮಳೆಗಾಲ ಬಂತೆಂದರೆ ಉಳ್ಳಾಲ, ಪಡುಬಿದ್ರಿ, ಮರವಂತೆ ಅಂತ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಕೆರೆಕೊರೆತ ಅನ್ನುವ ಪದ ಮಾತ್ರ ಇಲ್ಲ, ಬೇಕಾಗಿಯೂ ಬಂದಿಲ್ಲ. ನಮ್ಮ ಕೆರೆಗಳ ಕಷ್ಟವೇ ಬೇರೆ: ಏರಿ ಒಡೆಯುವುದು, ಹೂಳು ತುಂಬುವುದು, ಒತ್ತುವರಿ. ಇಲ್ಲಿ ಜನ ಕೆರೆಯನ್ನು ತಿನ್ನುತ್ತಾರೆಯೇ ಹೊರತು ಕೆರೆ ಜನರ ಜಾಗ ತಿನ್ನುವುದಿಲ್ಲ. ಹಾಗಾಗಿ "ಸರೋವರದ ದಡದಲ್ಲಿ ಮನೆ ಬಿತ್ತು" ಅಂದರೆ ನಮಗೆ ಸುಲಭಕ್ಕೆ ಕಣ್ಣಿಗೆ ಕಟ್ಟುವುದಿಲ್ಲ.

ಮೊದಲು ಗಾತ್ರ ನೋಡಿ. ಮಿಶಿಗನ್ ಸರೋವರ ಸುಮಾರು 58,000 ಚದರ ಕಿಲೋಮೀಟರ್. ಇಡೀ ಕರ್ನಾಟಕದ ವಿಸ್ತೀರ್ಣದ ಹತ್ತಿರ ಹತ್ತಿರ ಮೂರನೇ ಒಂದು ಭಾಗ ನೀರೇ ಅಂದುಕೊಳ್ಳಿ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 490 ಕಿಲೋಮೀಟರ್ ಉದ್ದ. ಉಪ್ಪಿಲ್ಲ, ಭರತ ಇಳಿತ ಅಂತ ಹೇಳಿಕೊಳ್ಳುವಷ್ಟು ಇಲ್ಲ, ಆದರೆ ಅಲೆ ಇದೆ. ಪಶ್ಚಿಮದಿಂದಲೋ ವಾಯವ್ಯದಿಂದಲೋ ಗಾಳಿ ನೂರಾರು ಕಿಲೋಮೀಟರ್ ನೀರಿನ ಮೇಲೆ ಅಡ್ಡಿಯಿಲ್ಲದೆ ಓಡಿ ಬರುತ್ತದೆ, ಶರತ್ಕಾಲದ ಬಿರುಗಾಳಿಗಳಲ್ಲಿ ಅಲೆಗಳು ಐದಾರು ಮೀಟರ್ ಏಳುವುದೂ ಉಂಟು. ಅವು ಬಂದು ಬಡಿಯುವುದು ಪೂರ್ವದ ದಡಕ್ಕೆ. ಆ ದಡ ಬಂಡೆಯಲ್ಲ. ಹಿಮನದಿಗಳು ಸಾವಿರಾರು ವರ್ಷಗಳ ಹಿಂದೆ ಬಿಟ್ಟು ಹೋದ ಮರಳು, ಜೇಡಿ, ಜಲ್ಲಿ ಎಲ್ಲ ಕಲಸಿದ ದರೆ.

ಈ ಪೂರ್ವ ದಡದುದ್ದಕ್ಕೂ ಸಣ್ಣ ಸಣ್ಣ ಊರುಗಳು. ನಾನು ಇಲ್ಲಿ ಜಾಸ್ತಿ ಹೇಳಹೊರಟಿರುವುದು ದಕ್ಷಿಣದ ಸೇಂಟ್ ಜೋಸೆಫ್ ಮತ್ತು ಅದರ ಕೆಳಗಿನ ಶೋರ್‌ಹ್ಯಾಮ್ ಬಗ್ಗೆ. ಸೇಂಟ್ ಜೋಸೆಫ್‌ನ ಜನಸಂಖ್ಯೆ ಎಂಟು ಸಾವಿರದಷ್ಟು. ಶಿಕಾಗೋದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ, ಹಾಗಾಗಿ ವೀಕೆಂಡ್ ಮನೆಗಳು ಬಹಳ. ಚಳಿಗಾಲದಲ್ಲಿ ದಪ್ಪ ಮಂಜುಗಡ್ಡೆ ಮೆತ್ತಿಕೊಂಡು ಬಿಳಿ ಭೂತದ ಹಾಗೆ ನಿಂತ ದೀಪಸ್ತಂಭದ ಫೋಟೋ ನೀವು ಎಲ್ಲಾದರೂ ನೋಡಿರುತ್ತೀರಿ, ಅಂಥ ಫೋಟೋಗಳಿಗೆ ಹೆಸರಾದ ಊರು ಇದು. ಆ ದೀಪಸ್ತಂಭ ನಿಂತಿರುವ ಕಟ್ಟೆಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಮನೆ ಬಿದ್ದದ್ದು 2019ರ ಕೊನೆಗೆ ಸರಿ. ಆದರೆ ನನ್ನ ಪ್ರಕಾರ ಲೆಕ್ಕ ತಪ್ಪಿದ್ದು ಅದಕ್ಕಿಂತ ಎಷ್ಟೋ ಮೊದಲು, ನೀರು ತಳ ಕಂಡಿದ್ದ ವರ್ಷಗಳಲ್ಲಿ.

ಮಿಶಿಗನ್ ಮತ್ತು ಹ್ಯೂರನ್ ಸರೋವರಗಳು ಮ್ಯಾಕಿನಾ ಜಲಸಂಧಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ. ಹೆಸರು ಎರಡು, ನೀರಿನ ಮಟ್ಟ ಒಂದೇ. ಆ ಮಟ್ಟ ಒಂದೇ ವರ್ಷದಲ್ಲಿ ಬೇಸಿಗೆಗೆ ಏರಿ ಚಳಿಗಾಲಕ್ಕೆ ಒಂದು ಅಡಿಯಷ್ಟು ಇಳಿಯುತ್ತದೆ, ಇದು ಎಲ್ಲರಿಗೂ ಗೊತ್ತಿರುವ ಏರಿಳಿತ. ಇನ್ನೊಂದು ಏರಿಳಿತ ಇದೆ, ಅದಕ್ಕೆ ಹತ್ತಿಪ್ಪತ್ತು ವರ್ಷ ಬೇಕು. 1964ರಲ್ಲಿ ನೀರು ತೀರಾ ಕೆಳಗೆ ಹೋಗಿತ್ತು. 1986ರ ಅಕ್ಟೋಬರ್‌ನಲ್ಲಿ ದಾಖಲೆಯ ಎತ್ತರ, ಸಮುದ್ರಮಟ್ಟದಿಂದ 177.5 ಮೀಟರ್. ಆಗಲೂ ಮನೆಗಳು ಹೋದವು. ಆಮೇಲೆ ಎರಡೇ ವರ್ಷಕ್ಕೆ, 1988ರ ಬರದಲ್ಲಿ ನೀರು ಸರ್ರನೆ ಇಳಿಯಿತು. 1990ರ ದಶಕದ ಕೊನೆಗೆ ಒಮ್ಮೆ ಮತ್ತೆ ಏರಿ, 1999ರಿಂದ ಇಳಿಯತೊಡಗಿದ್ದು ಹದಿನಾಲ್ಕು ವರ್ಷ ಸರಾಸರಿಯ ಕೆಳಗೇ ಉಳಿಯಿತು. 2013ರ ಜನವರಿಯಲ್ಲಿ 175.57 ಮೀಟರ್, ಇದುವರೆಗಿನ ಅತಿ ಕಡಿಮೆ.

ಹದಿನಾಲ್ಕು ವರ್ಷ ಅಂದರೆ ಸುಮ್ನೆ ಅಲ್ಲ. ಅಷ್ಟರಲ್ಲಿ ಒಂದು ಮಗು ಹೈಸ್ಕೂಲಿಗೆ ಬಂದಿರುತ್ತದೆ. ಆ ಮಗುವಿನ ಮಟ್ಟಿಗೆ ಸರೋವರ ಅಂದರೆ ಅಗಲವಾದ ಮರಳ ದಂಡೆ, ದೂರದಲ್ಲೆಲ್ಲೋ ನೀರು. ಮನೆ ಕೊಂಡವರಿಗೂ ಅಷ್ಟೇ. ದರೆಯ ಬುಡದಲ್ಲಿ ಹುಲ್ಲು ಬೆಳೆದಿತ್ತು, ಗಿಡಗಳು ಎದ್ದಿದ್ದವು, ಮೇಲಿಂದ ಕೆಳಗಿಳಿಯಲು ಮರದ ಮೆಟ್ಟಿಲು, ಕೆಳಗೆ ಕೂರಲು ಹಲಗೆಯ ಕಟ್ಟೆ. ಬಂದರುಗಳಲ್ಲಿ ದೋಣಿ ತಾಗುತ್ತಿವೆ ಅಂತ ಹೂಳೆತ್ತಿಸುತ್ತಿದ್ದ ಕಾಲ ಅದು. ಊರಿನ ಚಿಂತೆ ನೀರು ಕಡಿಮೆ ಅನ್ನುವುದೇ ಆಗಿತ್ತು. ಅಂಥ ಹೊತ್ತಲ್ಲಿ "ಈ ದರೆ ಬೀಳುತ್ತದೆ" ಅಂತ ಯಾರಾದರೂ ಹೇಳಿದ್ದರೆ ಕೇಳುವವರು ಯಾರು?

ಆಮೇಲೆ ಏರಿದ್ದೂ ಸರ್ರನೆಯೇ. 2013-14ರ ಚಳಿಗಾಲ ಘೋರವಾಗಿತ್ತು. 2014ರ ಮಾರ್ಚ್‌ನಲ್ಲಿ ಮಿಶಿಗನ್, ಹ್ಯೂರನ್ ಸೇರಿದ ಐದೂ ಮಹಾ ಸರೋವರಗಳ (ಗ್ರೇಟ್ ಲೇಕ್ಸ್) ಮೇಲ್ಮೈಯ 92 ಪ್ರತಿಶತದಷ್ಟು ಮಂಜುಗಡ್ಡೆ ಕಟ್ಟಿತ್ತು. ಮಳೆ, ಹಿಮ ಜಾಸ್ತಿ ಬಿದ್ದವು. ಆವಿಯಾಗಿ ಹೋಗುವ ನೀರು ಕಡಿಮೆಯಾಯಿತು. ಎರಡೇ ವರ್ಷದಲ್ಲಿ ಮಿಶಿಗನ್-ಹ್ಯೂರನ್ ಹತ್ತಿರ ಹತ್ತಿರ ಒಂದು ಮೀಟರ್ ಮೇಲೆ ಬಂತು. ಅಲ್ಲಿಗೂ ನಿಲ್ಲಲಿಲ್ಲ. 2020ರ ಜನವರಿಯಿಂದ ಆಗಸ್ಟ್‌ವರೆಗೆ ಪ್ರತಿ ತಿಂಗಳೂ ಆಯಾ ತಿಂಗಳ ಹಳೆಯ ದಾಖಲೆ ಮುರಿಯಿತು. 2020ರ ಜುಲೈನಲ್ಲಿ ನೀರು 2013ರ ತಳಕ್ಕಿಂತ ಸುಮಾರು 1.9 ಮೀಟರ್ ಮೇಲಿತ್ತು. 1986ರ ಒಟ್ಟಾರೆ ದಾಖಲೆಗೆ ನಾಲ್ಕು ಬೆರಳು ಮಾತ್ರ ಬಾಕಿ.

1.9 ಮೀಟರ್ ಅಂದರೆ ಒಬ್ಬ ಎತ್ತರದ ಮನುಷ್ಯ, ಅಷ್ಟೇ ಅಲ್ವಾ ಅನಿಸಬಹುದು. ದಂಡೆ 20 ಮೀಟರಿಗೆ 1 ಮೀಟರ್ ಇಳಿಯುವಷ್ಟು ಸಪಾಟಾಗಿದೆ ಅಂತ ಇಟ್ಟುಕೊಳ್ಳಿ. ಆಗ 1.9 ಮೀಟರ್ ಏರಿದ ನೀರು 38 ಮೀಟರ್ ಒಳಗೆ ಬರುತ್ತದೆ. ನೀವು ಮಕ್ಕಳನ್ನು ಆಡಲು ಬಿಟ್ಟಿದ್ದ ಮರಳೆಲ್ಲ ನೀರಿನಡಿ. ಇನ್ನು ಅಲೆ ನೇರವಾಗಿ ದರೆಯ ಬುಡಕ್ಕೇ.

ದರೆ ಬೀಳುವ ಕ್ರಮ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಬುಡ ಕೊರೆದರೆ ಮೇಲಿನದು ಸ್ವಲ್ಪ ದಿನ ನೆಟ್ಟಗೆ ನಿಂತಿರುತ್ತದೆ, ಆಮೇಲೆ ಒಂದು ದಿನ ಪೂರ್ತಿ ಜಾರುತ್ತದೆ. ಸೇಂಟ್ ಜೋಸೆಫ್ ಸುತ್ತಿನ ದರೆಗಳಲ್ಲಿ ಇನ್ನೊಂದು ತೊಡಕಿದೆ. ಮೇಲೆ ಮರಳು, ಅದರ ಕೆಳಗೆ ಜೇಡಿ. ಮಳೆನೀರು ಮರಳಲ್ಲಿ ಇಳಿದು ಜೇಡಿಯ ಮೇಲೆ ನಿಂತು, ಅಲ್ಲಿಂದ ದರೆಯ ಮುಖಕ್ಕೆ ಒಸರುತ್ತದೆ. ಚಳಿಗೆ ಆ ಒಸರು ಹೆಪ್ಪುಗಟ್ಟಿ ಮಣ್ಣನ್ನು ಸೀಳುತ್ತದೆ, ಬೇಸಿಗೆ ಬಂದಾಗ ಕರಗಿ ಕೆಸರಾಗುತ್ತದೆ. ಇದಕ್ಕೆ ಮನೆಯವರ ಕೊಡುಗೆಯೂ ಸೇರುತ್ತದೆ: ಲಾನ್‌ಗೆ ಬಿಡುವ ನೀರು, ಅಂಚಿನ ಹತ್ತಿರವೇ ಇರುವ ಸೆಪ್ಟಿಕ್ ಟ್ಯಾಂಕ್, ಸೂರ್ಯಾಸ್ತ ಚೆನ್ನಾಗಿ ಕಾಣಲಿ ಅಂತ ಕಡಿದ ಮರಗಳು. ಮರದ ಬೇರು ಅಲೆಯನ್ನು ತಡೆಯುವುದಿಲ್ಲ ನಿಜ, ಆದರೆ ಮೇಲಿನ ಮಣ್ಣನ್ನಾದರೂ ಹಿಡಿದಿರುತ್ತಿತ್ತು.

2019-20ರ ಚಳಿಗಾಲ ಕೈಕೊಟ್ಟದ್ದು ಇನ್ನೊಂದು ರೀತಿಯಲ್ಲಿ. ದಡದುದ್ದಕ್ಕೂ ಕಟ್ಟುವ ಮಂಜುಗಡ್ಡೆ ದರೆಗೆ ಒಂದು ರಕ್ಷಾಕವಚ ಇದ್ದ ಹಾಗೆ, ಅಲೆಗಳು ಅಲ್ಲೇ ಒಡೆದು ಹೋಗುತ್ತವೆ. ಆ ವರ್ಷ ಮಹಾ ಸರೋವರಗಳ ಮೇಲೆ ಮಂಜುಗಡ್ಡೆ ಒಟ್ಟು 20 ಪ್ರತಿಶತವನ್ನೂ ಮುಟ್ಟಲಿಲ್ಲ, ಸಾಮಾನ್ಯವಾಗಿ ಅದು ಅರ್ಧಕ್ಕಿಂತ ಮೇಲೆ ಹೋಗುತ್ತದೆ. ನೀರು ದಾಖಲೆ ಮಟ್ಟದಲ್ಲಿ, ದಡ ಬೆತ್ತಲೆ, ಮೇಲಿಂದ ಜನವರಿ 11ರ ಬಿರುಗಾಳಿ. ಆ ಒಂದು ಬಿರುಗಾಳಿಗೆ ಎದುರು ದಡದ ಮಿಲ್ವಾಕಿ ಬಂದರಿಗೂ ದೊಡ್ಡ ಪೆಟ್ಟು ಬಿತ್ತು.

ಈಗ ಆ ದೀಪಸ್ತಂಭದ ಕಟ್ಟೆಗೆ ಬರೋಣ. ಸೇಂಟ್ ಜೋಸೆಫ್ ನದಿ ಸರೋವರ ಸೇರುವ ಅಳಿವೆ ಬಾಗಿಲಲ್ಲಿ ಹಡಗು ಒಳಬರಲಿ ಅಂತ ಹತ್ತೊಂಬತ್ತನೇ ಶತಮಾನದಲ್ಲೇ ಎರಡು ಉದ್ದದ ಕಟ್ಟೆ ಕಟ್ಟಿದರು. ಈ ದಡದಲ್ಲಿ ಮರಳು ಒಟ್ಟಾರೆ ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತದೆ. ಕಟ್ಟೆ ಅಡ್ಡ ಬಂದ ಮೇಲೆ ಉತ್ತರದಲ್ಲಿ ಮರಳು ಗುಡ್ಡೆ ಬಿತ್ತು, ದಕ್ಷಿಣಕ್ಕೆ ಹೋಗಬೇಕಾದದ್ದು ಹೋಗಲಿಲ್ಲ. ತಮಾಷೆ ಏನೆಂದರೆ ಕಟ್ಟೆಯ ದಕ್ಷಿಣಕ್ಕೇ ಅಂಟಿಕೊಂಡಿರುವ ಸಿಲ್ವರ್ ಬೀಚ್ ಅಗಲವಾಗಿಯೇ ಇದೆ, ಕಟ್ಟೆಯ ಮರೆಯಲ್ಲಿ ಅಲ್ಲಿಗೆ ಅಲೆಯ ಏಟು ಕಡಿಮೆ. ಪ್ರವಾಸಿಗರು ನೋಡುವುದು ಅದನ್ನೇ. ಕೊರತೆ ಗೊತ್ತಾಗುವುದು ಅಲ್ಲಿಂದ ಇನ್ನೂ ದಕ್ಷಿಣಕ್ಕೆ ಹೋದಾಗ, ಶೋರ್‌ಹ್ಯಾಮ್ ಕಡೆಗೆ.

ಇದರಲ್ಲಿ ಹೊರಗೆ ಕಾಣದ ಒಂದು ನಷ್ಟ ಇದೆ, ನನಗೆ ಇಡೀ ಪ್ರಕರಣದಲ್ಲಿ ಬಹಳ ಕಾಡಿದ್ದು ಅದೇ. ಈ ಭಾಗದಲ್ಲಿ ಸರೋವರದ ತಳ ಪೂರ್ತಿ ಮರಳಲ್ಲ. ಗಟ್ಟಿ ಜೇಡಿಯ ಮೇಲೆ ತೆಳುವಾಗಿ ಹಾಸಿದ ಮರಳು. ಮರಳು ಸಾಕಷ್ಟು ಇದ್ದರೆ ಅದು ಜೇಡಿಗೆ ಹೊದಿಕೆ. ಮರಳು ಕಡಿಮೆಯಾದಾಗ ಉಳಿದ ಚೂರುಪಾರು ಅಲೆಯ ಜೊತೆ ಹಿಂದೆ ಮುಂದೆ ಓಡಾಡಿ ಮರಳುಕಾಗದದ ಹಾಗೆ ಜೇಡಿಯನ್ನು ಉಜ್ಜುತ್ತದೆ. ತಳ ತಗ್ಗಾಗುತ್ತದೆ. ತಳ ತಗ್ಗಾದರೆ ಇನ್ನೂ ದೊಡ್ಡ ಅಲೆ ದಡದ ಹತ್ತಿರ ಬಂದು ಒಡೆಯುತ್ತದೆ. ಮರಳು ಹೋದರೆ ಲಾರಿಯಲ್ಲಿ ತಂದು ಸುರಿಯಬಹುದು, ಹೋದ ಜೇಡಿಯನ್ನು ಯಾರೂ ಮತ್ತೆ ಕೂಡಿಸಲಾರರು. ನೀರು ಇಳಿದಿರುವ ವರ್ಷಗಳಲ್ಲೂ ಈ ಉಜ್ಜುವಿಕೆ ನಿಲ್ಲುವುದಿಲ್ಲ, ಸ್ವಲ್ಪ ಆಚೆಗೆ ಸರಿಯುತ್ತದೆ ಅಷ್ಟೇ. ಮೇಲೆ ಹುಲ್ಲು ಚಿಗುರುತ್ತಿರುವಾಗ ನೀರಿನಡಿ ಮುಂದಿನ ಕುಸಿತಕ್ಕೆ ಜಾಗ ಸಿದ್ಧವಾಗುತ್ತಿರುತ್ತದೆ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. 1968ರ ಒಂದು ಕಾನೂನಿನಲ್ಲಿ, ಫೆಡರಲ್ (ಕೇಂದ್ರ) ಸರ್ಕಾರದ ಬಂದರು ಕಟ್ಟೆಗಳಿಂದ ದಡಕ್ಕೆ ಹಾನಿಯಾದರೆ ಸರ್ಕಾರವೇ ಪರಿಹಾರದ ಕೆಲಸ ಮಾಡಬಹುದು ಅಂತ ಇದೆ. ಆ ಲೆಕ್ಕದಲ್ಲಿ 1970ರ ದಶಕದಿಂದ ಅಮೆರಿಕ ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ನವರು ಬಂದರಿನ ಹೂಳೆತ್ತಿದ ಮರಳನ್ನು ದಕ್ಷಿಣದ ದಂಡೆಗೆ ಹಾಕುತ್ತಾ ಬಂದಿದ್ದಾರೆ. ಆದರೆ ಹೂಳಿನ ಮರಳು ನಯ, ಬೇಗ ತೇಲಿ ಹೋಗುತ್ತದೆ. ಅದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ, ದನಕ್ಕೆ ಹುಲ್ಲು ಹಾಕಿದ ಹಾಗೆ ಹಾಕುತ್ತಲೇ ಇರಬೇಕು.

ಉಳ್ಳಾಲದವರಿಗೆ ಈ ಕಥೆ ಎಲ್ಲೋ ಕೇಳಿದ ಹಾಗಿದೆ ಅನಿಸಿರಬಹುದು. ನೇತ್ರಾವತಿ-ಗುರುಪುರ ಅಳಿವೆ ಬಾಗಿಲಲ್ಲಿ ಬ್ರೇಕ್‌ವಾಟರ್, ಅದರ ದಕ್ಷಿಣಕ್ಕೆ ಕೋಟೆಪುರ, ಮೊಗವೀರಪಟ್ಣದ ಕೊರೆತ, ಅಲ್ಲಿ ಕಲ್ಲು ಹಾಕಿದ ಮೇಲೆ ಸೋಮೇಶ್ವರ, ಉಚ್ಚಿಲ ಕಡೆಯ ಕೂಗು. ನೀರು ಸಿಹಿಯೋ ಉಪ್ಪೋ, ಮರಳಿನ ಲೆಕ್ಕ ಒಂದೇ.

ಮಿಶಿಗನ್‌ನಲ್ಲೂ ಮನೆಯವರು ಮಾಡಿದ್ದು ಕಲ್ಲು ಹಾಕುವುದನ್ನೇ. 2019-20ರಲ್ಲಿ ರಾಜ್ಯದ ಪರಿಸರ ಇಲಾಖೆ ತುರ್ತು ಪರವಾನಗಿಗಳನ್ನು ಬೇಗ ಬೇಗ ಕೊಡತೊಡಗಿತು. ಕಲ್ಲು ತರುವ ಬಾರ್ಜ್‌ಗಳಿಗೆ, ಗುತ್ತಿಗೆದಾರರಿಗೆ ಕ್ಯೂ. ದುಡ್ಡಿದ್ದವರು ತಡೆಗೋಡೆ ಕಟ್ಟಿದರು, ಇಲ್ಲದವರು ಮರಳಿನ ಚೀಲ. ಕೆಲವರು ಮನೆಯನ್ನೇ ಎತ್ತಿ, ಉಕ್ಕಿನ ತೊಲೆ, ಚಕ್ರಗಳ ಮೇಲೆ ಕೂರಿಸಿ ಹಿಂದಕ್ಕೆ ಸರಿಸಿಕೊಂಡರು. ಅಲ್ಲಿಯ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು, ಹಾಗಾಗಿ ಇದು ಸಾಧ್ಯ. ನನ್ನ ಕೇಳಿದರೆ ಎಲ್ಲಕ್ಕಿಂತ ಬುದ್ಧಿವಂತ ಖರ್ಚು ಅದೇ. ಒಂದೇ ಷರತ್ತು, ಹಿಂದೆ ಜಾಗ ಇರಬೇಕು. ಹಿಂದೆ ರಸ್ತೆಯೋ ಪಕ್ಕದವರ ಬೇಲಿಯೋ ಇದ್ದವರು ಎಲ್ಲಿಗೆ ಸರಿಯಬೇಕು?

ತಡೆಗೋಡೆಯ ವಿಷಯ ಬೇರೆ. ಗೋಡೆಗೆ ಬಡಿದ ಅಲೆ ವಾಪಸ್ಸು ತಿರುಗುವಾಗ ಎದುರಿನ ಮರಳನ್ನು ಕಿತ್ತುಕೊಂಡು ಹೋಗುತ್ತದೆ. ಗೋಡೆ ಮುಗಿದ ತುದಿಯಲ್ಲಿ ಪಕ್ಕದ ಜಮೀನಿಗೆ ಹೆಚ್ಚು ಏಟು. ಇನ್ನೊಂದು, ದರೆ ಕುಸಿದಾಗ ಬೀಳುವ ಮಣ್ಣಲ್ಲಿರುವ ಮರಳೇ ಮುಂದಿನ ದಂಡೆಗೆ ಆಹಾರ. ಒಬ್ಬರು ಗೋಡೆ ಕಟ್ಟಿದರೆ ಆ ಆಹಾರ ಒಳಗೇ ಉಳಿಯುತ್ತದೆ, ಕೆಳಗಿನವರಿಗೆ ಸಿಗುವುದಿಲ್ಲ. ಅವರೂ ಗೋಡೆ ಕಟ್ಟುತ್ತಾರೆ. ಅವರ ಕೆಳಗಿನವರೂ. ಯಾರನ್ನೂ ಬೈಯುವ ಹಾಗಿಲ್ಲ, ನಾನೂ ಆ ಜಾಗದಲ್ಲಿದ್ದರೆ ಸಾಲ ಮಾಡಿಯಾದರೂ ಕಲ್ಲು ತರಿಸುತ್ತಿದ್ದೆ. ಆದರೆ ಸಾಲಾಗಿ ಗೋಡೆಯಾದ ಮೇಲೆ ದಂಡೆಯೇ ಉಳಿಯದ ಜಾಗಗಳು ಬರುತ್ತವೆ. ಮಿಶಿಗನ್ ಸುಪ್ರೀಂ ಕೋರ್ಟ್ 2005ರಲ್ಲಿ, ಮನೆ ಯಾರದ್ದೇ ಇರಲಿ, ಸಾಮಾನ್ಯ ಉನ್ನತ ಜಲಮಟ್ಟದ ಗೆರೆಯ ಕೆಳಗೆ ದಡದಲ್ಲಿ ನಡೆದು ಹೋಗುವ ಹಕ್ಕು ಸಾರ್ವಜನಿಕರಿಗೆ ಇದೆ ಅಂತ ತೀರ್ಪು ಕೊಟ್ಟಿದೆ. ಹಕ್ಕಿದೆ, ಆದರೆ ಗೋಡೆಗೇ ನೀರು ಬಡಿಯುವಲ್ಲಿ ಕಾಲಿಡುವುದು ಎಲ್ಲಿ?

ಇನ್ನು ದುಡ್ಡಿನ ಪ್ರಶ್ನೆ. ಇಷ್ಟು ನಷ್ಟಕ್ಕೆ ವಿಮೆ ಬರುವುದಿಲ್ವಾ? ಸಾಮಾನ್ಯ ಮನೆ ವಿಮೆಯಲ್ಲಿ ಭೂಮಿ ಜಾರುವುದನ್ನು ಹೊರಗಿಟ್ಟಿರುತ್ತಾರೆ. ಫೆಡರಲ್ ನೆರೆ ವಿಮೆ ನೆರೆಗೆ, ನಿಧಾನದ ಕೊರೆತಕ್ಕಲ್ಲ. ಹತ್ತಿಪ್ಪತ್ತು ಮೀಟರ್ ಎತ್ತರದ ದರೆಯ ಮೇಲಿನ ಮನೆಗೆ ನೆರೆ ಬರುವುದೂ ಇಲ್ಲ, ಅದನ್ನು ಮಾಡಿಸಿದವರೂ ಕಡಿಮೆ. ಒಂದು ಕಾಲದಲ್ಲಿ ಒಂದು ದಾರಿ ಇತ್ತು. 1986ರ ನೀರಿನ ಏಟಿನ ಬೆನ್ನಿಗೇ, 1987ರಲ್ಲಿ ಅಪ್ಟನ್-ಜೋನ್ಸ್ ತಿದ್ದುಪಡಿ ಅಂತ ಬಂತು. ಆ ಅಪ್ಟನ್ ಬೇರೆ ಯಾರೂ ಅಲ್ಲ, ಸೇಂಟ್ ಜೋಸೆಫ್ ಊರಿನವರೇ ಆದ ಆಗಿನ ಸಂಸದ ಫ್ರೆಡ್ ಅಪ್ಟನ್. ಬೀಳುವ ಅಂಚಿನಲ್ಲಿರುವ, ನೆರೆ ವಿಮೆ ಇರುವ ಮನೆಯನ್ನು ಮೊದಲೇ ಸ್ಥಳಾಂತರಿಸಿದರೆ ವಿಮೆಯ ಮೊತ್ತದ 40 ಪ್ರತಿಶತದವರೆಗೆ, ಕೆಡವಿದರೆ ಪೂರ್ತಿ ಮೊತ್ತ ಮತ್ತು ಕೆಡವುವ ಖರ್ಚಿಗೆ ಇನ್ನೊಂದು 10 ಪ್ರತಿಶತ. ಮನೆಗಳು ಹಿಂದೆ ಸರಿಯಲಿ ಅನ್ನುವುದು ಆಸೆ, ಲೆಕ್ಕ ನೋಡಿದ ಜನ ಜಾಸ್ತಿ ಆರಿಸಿದ್ದು ಕೆಡವುವುದನ್ನು. 1994ರ ಸುಧಾರಣಾ ಕಾನೂನಿನಲ್ಲಿ ಅದನ್ನು ತೆಗೆದು ಹಾಕಿದರು. ಹಾಗಾಗಿ 2019ಕ್ಕೆ ಬರುವಾಗ ಮನೆ, ಜಾಗ ಹೋಗುವುದಲ್ಲದೆ, ಕೆಳಗೆ ಬಿದ್ದ ಚೂರುಗಳನ್ನು ಎತ್ತಿಸುವ ಖರ್ಚೂ ಮಾಲೀಕರ ತಲೆಗೆ.

ಮಿಶಿಗನ್ ರಾಜ್ಯದ ಕಾನೂನು 1970ರಷ್ಟು ಹಳೆಯದು, ಕೆಟ್ಟದ್ದೇನೂ ಅಲ್ಲ. ಕನಿಷ್ಠ 15 ವರ್ಷದ ಲೆಕ್ಕದಲ್ಲಿ ವರ್ಷಕ್ಕೆ ಸರಾಸರಿ ಒಂದು ಅಡಿ ಅಥವಾ ಅದಕ್ಕಿಂತ ಜಾಸ್ತಿ ಹಿಂದೆ ಸರಿಯುತ್ತಿರುವ ದಡವನ್ನು ಅಪಾಯದ ವಲಯ ಅಂತ ಗುರುತಿಸುತ್ತಾರೆ. ಅಲ್ಲಿ ಹೊಸ ಮನೆ ಕಟ್ಟಬೇಕಾದರೆ ಅಂಚಿನಿಂದ ಇಷ್ಟು ಹಿಂದೆ ಇರಬೇಕು ಅಂತ ನಿಯಮ, ಸುಲಭವಾಗಿ ಸರಿಸಬಹುದಾದ ಸಣ್ಣ ಮನೆಗೆ 30 ವರ್ಷದ ಕೊರೆತದಷ್ಟು, ದೊಡ್ಡದಕ್ಕೆ 60 ವರ್ಷದಷ್ಟು. ವರ್ಷಕ್ಕೆ ಒಂದು ಅಡಿಯಾದರೆ 30 ವರ್ಷಕ್ಕೆ 9 ಮೀಟರ್. ಹಳೆಯ ಮನೆಗಳಿಗೆ ಇದು ತಾಗುವುದಿಲ್ಲ.

ಸರಾಸರಿಯಲ್ಲೇ ಎಡವಟ್ಟು ಇರುವುದು. ದರೆಗೆ ಸರಾಸರಿ ಗೊತ್ತಿಲ್ಲ. ಹದಿನೈದು ವರ್ಷ ಇಂಚೂ ಅಲುಗದೆ ನಿಂತು, ಒಂದೇ ಶರತ್ಕಾಲದಲ್ಲಿ ಹತ್ತು ವರ್ಷದ ಪಾಲನ್ನು ಒಟ್ಟಿಗೆ ಕೊಟ್ಟುಬಿಡುತ್ತದೆ. ಅಧ್ಯಯನ ಮಾಡುವವರಿಗೂ ಇದೇ ತಲೆನೋವು. 1930ರ ದಶಕದ ಕೊನೆಯಿಂದ ಈ ದಡದ ವಿಮಾನ ಫೋಟೋಗಳಿವೆ, ಈಗ ಡ್ರೋನ್ ಇದೆ, ಲೇಸರ್ ಅಳತೆ ಇದೆ. ಬೇರೆ ಬೇರೆ ವರ್ಷದ ಫೋಟೋಗಳಲ್ಲಿ ದರೆಯ ಮೇಲಂಚಿನ ಗೆರೆ ಎಳೆದು, ಒಂದರ ಮೇಲೊಂದು ಇಟ್ಟು, ದೂರವನ್ನು ವರ್ಷದಿಂದ ಭಾಗಿಸುತ್ತಾರೆ. ಕೇಳಲು ಸುಲಭ. ಆದರೆ ಯಾವ ಎರಡು ವರ್ಷ ತೆಗೆದುಕೊಂಡಿರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. 1999ರಿಂದ 2013ರವರೆಗಿನ ಗೆರೆ ಮಾತ್ರ ನೋಡಿದರೆ ದರೆ ಗಟ್ಟಿಯಾಗಿದೆ ಅನ್ನಿಸುತ್ತದೆ. 2013ರಿಂದ 2020 ನೋಡಿದರೆ ಊರೇ ಉಳಿಯುವುದಿಲ್ಲ ಅನ್ನಿಸುತ್ತದೆ. ನೀರಂಚಿನ ಗೆರೆ ಅಳೆದರಂತೂ ಇನ್ನೂ ಮೋಸ, ಅದು ನೀರು ಇಳಿದಾಗ ತಾನೇ ದೂರ ಹೋಗುತ್ತದೆ, ಮಣ್ಣು ವಾಪಸ್ಸು ಬಂದ ಹಾಗೆ ಕಾಣುತ್ತದೆ. ಕನಿಷ್ಠ ಒಂದು ಪೂರ್ತಿ ಏರಿಳಿತವನ್ನು, ಅಂದರೆ 1964ರಿಂದಲಾದರೂ, ಲೆಕ್ಕಕ್ಕೆ ಹಿಡಿಯದ ಅಂಕಿ ಯಾರಾದರೂ ಕೊಟ್ಟರೆ ನಾನು ಅದನ್ನು ನಂಬುವುದಿಲ್ಲ.

ನೀರಿನ ಮಟ್ಟವನ್ನೇ ಸರ್ಕಾರ ಇಳಿಸಬಾರದಾ ಅಂತ ಆಗ ಬಹಳ ಜನ ಕೇಳುತ್ತಿದ್ದರು. ಮೇಲಿನ ಸುಪೀರಿಯರ್ ಸರೋವರದ ಬಾಯಿಗೆ ಗೇಟುಗಳಿವೆ, ಕೆಳಗಿನ ಆಂಟಾರಿಯೋಗೆ ಅಣೆಕಟ್ಟು ಇದೆ. ನಡುವಿನ ಮಿಶಿಗನ್-ಹ್ಯೂರನ್‌ಗೆ ಅಂಥದ್ದೇನೂ ಇಲ್ಲ, ಸೇಂಟ್ ಕ್ಲೇರ್ ನದಿಯಲ್ಲಿ ನೀರು ತನ್ನ ಪಾಡಿಗೆ ಹರಿದು ಹೋಗುತ್ತದೆ. ಮಿಶಿಗನ್ ನೀರನ್ನು ಆಚೆ ಒಯ್ಯುವ ಶಿಕಾಗೋ ಕಾಲುವೆಗೆ ಜಾಸ್ತಿ ಬಿಡಿ ಅಂದರೆ ಅದಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ ಮಿತಿ, ಸೆಕೆಂಡಿಗೆ 3,200 ಘನ ಅಡಿ. ಮಿತಿ ತೆಗೆದರೂ ಇಷ್ಟು ದೊಡ್ಡ ನೀರಿನಲ್ಲಿ ಇಳಿಯುವುದು ಬೆರಳಲ್ಲಿ ಅಳೆಯುವಷ್ಟು.

ಕೊನೆಗೆ ನೀರು ತಾನಾಗಿಯೇ ಇಳಿಯಿತು. 2020ರ ಶರತ್ಕಾಲದಿಂದ ಶುರುವಾಗಿ, 2025ರ ಆರಂಭಕ್ಕೆ ದೀರ್ಘಕಾಲದ ಸರಾಸರಿಗಿಂತ ಸ್ವಲ್ಪ ಕೆಳಗೇ ಬಂದಿತ್ತು. ಆದರೂ ದರೆಗಳ ಕುಸಿತ ಅದೇ ದಿನ ನಿಲ್ಲುವುದಿಲ್ಲ. ಬುಡ ಕಳೆದುಕೊಂಡು ಕಡಿದಾಗಿ ನಿಂತ ದರೆ ತನಗೆ ಬೇಕಾದ ಇಳಿಜಾರು ಸಿಗುವವರೆಗೆ ವರ್ಷಗಟ್ಟಲೆ ಉದುರುತ್ತಲೇ ಇರುತ್ತದೆ. ಕೆಳಗೆ ದಂಡೆ ಮತ್ತೆ ಅಗಲವಾಗಿದೆ. ಹಾಗಾಗಿ ಈಗ ಆ ದಡದಲ್ಲಿ ಮನೆ ನೋಡಲು ಹೋದವರು ಕೇಳಬೇಕಾದದ್ದು ಬೀಚ್ ಎಷ್ಟು ಅಗಲ ಅಂತ ಅಲ್ಲ. 1986ರಲ್ಲಿ, 2020ರಲ್ಲಿ ತೆಗೆದ ಫೋಟೋ ಇದೆಯಾ, ಆಗ ಈ ಅಂಚು ಎಲ್ಲಿತ್ತು, ಎಡಬಲದ ಗೋಡೆಗಳು ಯಾವಾಗ ಬಂದವು, ಹಿಂದೆ ಮನೆ ಸರಿಸುವಷ್ಟು ಜಾಗ ಇದೆಯಾ.